ಸಮುದ್ರದೊಳಗಿನ ಬೆಟ್ಟದ ಮೇಲೆ ಕೋಬಾಲ್ಟ್ ಎಲ್ಲಿಂದ ಬಂತು?

ಬೀದರ್ ಮೇಷ್ಟ್ರು:
ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬಹಮನಿ ಕಾಲದಲ್ಲಿ ನಮ್ಮೂರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹೆಸರಿನ ಬೆಟ್ಟವೊಂದು ಹಿಂದೂ ಮಹಾಸಾಗರದ ಆಳದಲ್ಲಿದೆ. ಅಲ್ಲಿ ಕೋಬಾಲ್ಟ್ ಹುಡುಕೋಕೆ ಭಾರತ 2024ರಲ್ಲಿ ಅರ್ಜಿ ಹಾಕಿದೆ ಅಂತ ಓದಿ ಕ್ಲಾಸಿನಲ್ಲಿ ಹೇಳಿದೆ. ಅದು ಹಳೆಯ ಜ್ವಾಲಾಮುಖಿಯಂತೆ. "ಹಾಗಾದ್ರೆ ಕೋಬಾಲ್ಟ್ ಲಾವಾ ಜೊತೆ ಒಳಗಿಂದ ಬಂತಾ ಸರ್?" ಅಂತ ಒಬ್ಬ ಹುಡುಗಿ ಕೇಳಿದಳು. ಏನು ಹೇಳಲಿ?

ಸಂಡೂರು ಕಲ್ಲು:
ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳಿರುತ್ತವಲ್ಲ, ಅದರಿಂದಲೇ ಇರಬೇಕು.

ಕಾರವಾರದ ಕಡಲು:
ಮೇಷ್ಟ್ರೇ, ಲಾವಾದಿಂದಲೂ ಅಲ್ಲ, ಬುಗ್ಗೆಯಿಂದಲೂ ಅಲ್ಲ. ಸುತ್ತಲಿನ ತಣ್ಣನೆಯ ಸಮುದ್ರದ ನೀರಿನಿಂದ ಬಂದದ್ದು. ಬುಗ್ಗೆಗಳ ಹತ್ತಿರ ಸಿಗುವುದು ಮುಖ್ಯವಾಗಿ ತಾಮ್ರ, ಸತುವಿನ ಸಲ್ಫೈಡ್ (ಗಂಧಕ ಸೇರಿದ ಅದಿರು). ಅದು ಬೇರೆಯೇ ಕಥೆ. ಕೋಬಾಲ್ಟ್ ಇರುವುದು ಬೆಟ್ಟದ ಕಲ್ಲಿನ ಮೇಲೆ ಕಟ್ಟಿಕೊಂಡ ಕಪ್ಪು ಪದರದಲ್ಲಿ. ನಾನು ಲ್ಯಾಬಿನಲ್ಲಿ ಈ ಪದರಗಳನ್ನು ಕೊಯ್ದು ನೋಡುವ ಕೆಲಸ ಮಾಡಿದವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಬೆಟ್ಟ ಸುಮಾರು 4800 ಮೀಟರ್ ಆಳದ ತಳದಿಂದ ಎದ್ದಿದೆ. ತುದಿ ನೀರಿನ ಮಟ್ಟದಿಂದ ಸುಮಾರು 1200 ಮೀಟರ್ ಕೆಳಗಿದೆ. ಇಂಥ ಬೆಟ್ಟಕ್ಕೆ ಬಡಿಯುವ ಪ್ರವಾಹ ಕಲ್ಲಿನ ಮೇಲೆ ಕೆಸರು ಕೂರಲು ಬಿಡುವುದಿಲ್ಲ. ಬೆಟ್ಟದ ಪಾಲು ಇಷ್ಟೇ: ಕೋಟ್ಯಂತರ ವರ್ಷ ಬರಿಯ ಕಲ್ಲನ್ನು ಒಡ್ಡಿಕೊಂಡು ನಿಲ್ಲುವುದು.

ಇನ್ನು ನೀರು. ಕೆಲವು ನೂರು ಮೀಟರ್ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ಪಟ್ಟಿಯೊಂದಿದೆ. ಅಲ್ಲಿ ಮ್ಯಾಂಗನೀಸ್ ನೀರಿನಲ್ಲಿ ಕರಗಿಯೇ ಇರುತ್ತದೆ. ಅದರ ಕೆಳಗೆ ಆಮ್ಲಜನಕ ಜಾಸ್ತಿ ಇರುವ ನೀರು. ಎರಡೂ ಬೆರೆತಲ್ಲಿ ಮ್ಯಾಂಗನೀಸ್ ಆಕ್ಸೈಡ್ ಆಗಿ, ಕಬ್ಬಿಣದ ಕಣಗಳ ಜೊತೆ ಕಲ್ಲಿಗೆ ಅಂಟುತ್ತದೆ. ಮ್ಯಾಂಗನೀಸ್ ಆಕ್ಸೈಡಿನ ಮೇಲ್ಮೈಗೆ ಋಣ ವಿದ್ಯುದಂಶ. ಹಾಗಾಗಿ ಕೋಬಾಲ್ಟ್, ನಿಕಲ್ ಅದಕ್ಕೆ ಹತ್ತಿಕೊಳ್ಳುತ್ತವೆ. ಅದರಲ್ಲೂ ಕೋಬಾಲ್ಟ್ ಅಲ್ಲಿಯೇ ಉತ್ಕರ್ಷಣಗೊಂಡು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ, ಮತ್ತೆ ಬಿಟ್ಟುಹೋಗುವುದು ಕಷ್ಟ. ವನೇಡಿಯಂನಂಥವನ್ನು ಕಬ್ಬಿಣ ಹಿಡಿದಿಡುತ್ತದೆ.

ಮಕ್ಕಳಿಗೆ ಇದೊಂದನ್ನು ಮಾತ್ರ ತಪ್ಪದೆ ಹೇಳಿ: ಈ ಪದರ 10 ಲಕ್ಷ ವರ್ಷಕ್ಕೆ 1ರಿಂದ 5 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ. ನಿಧಾನ ಇರುವುದರಿಂದಲೇ ಅದು ಲೋಹ ತುಂಬಿಕೊಳ್ಳುತ್ತದೆ. ಪದರದ ತುಂಬಾ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಂ ಪುಡಿಯ ಒಳಮೈ ಹರಡಿದರೆ ಸುಮಾರು 300 ಚದರ ಮೀಟರ್! ಹೊಸ ಪದರ ಮುಚ್ಚುವ ತನಕ ಅಷ್ಟೂ ಜಾಗಕ್ಕೆ ನೀರಿನಿಂದ ಕೋಬಾಲ್ಟ್ ಬಂದು ಸೇರುತ್ತಿರುತ್ತದೆ. ಬುಗ್ಗೆಗಳ ಹತ್ತಿರ ಬೇಗ ಬೇಗ ಬೆಳೆದ ಮ್ಯಾಂಗನೀಸ್ ಪದರದಲ್ಲಿ ಕೋಬಾಲ್ಟ್ ತೀರಾ ಕಡಿಮೆ ಇರುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಬೀದರ್ ಮೇಷ್ಟ್ರು:
ಮೇಡಂ, ತುಂಬಾ ಧನ್ಯವಾದ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ ಅಂತ ಹೇಳಬಹುದಾ? ಕೊಯ್ದಾಗ ಒಳಗೆ ಹೇಗೆ ಕಾಣುತ್ತದೆ? ವಯಸ್ಸು ಹೇಗೆ ಗೊತ್ತಾಗುತ್ತದೆ?

ಕಾರವಾರದ ಕಡಲು:
ಹೇಳಬಹುದು, ಆದರೆ ಪಾತ್ರೆಯಲ್ಲಿ ಪದರ ಕಟ್ಟುವುದು ಬಿಸಿಗೆ, ಇಲ್ಲಿ ಬಿಸಿ ಇಲ್ಲ ಅಂತಲೂ ಸೇರಿಸಿ.

ಮೇಲ್ಮೈ ಕಪ್ಪಗೆ, ಸಣ್ಣ ಸಣ್ಣ ಗುಳ್ಳೆ ಎದ್ದ ಹಾಗೆ ಉಬ್ಬುಬ್ಬಾಗಿರುತ್ತದೆ. ಮುಟ್ಟಿದರೆ ಬೆರಳಿಗೆ ಮಸಿ. ವಜ್ರದ ಬ್ಲೇಡಿನಲ್ಲಿ ನಿಧಾನಕ್ಕೆ ಕೊಯ್ಯಬೇಕು, ಇಲ್ಲದಿದ್ದರೆ ಪದರ ಪದರವಾಗಿ ಉದುರುತ್ತದೆ. ಒಳಗೆ ಕಂದು ಗೆರೆಗಳು, ಅಲ್ಲಿ ಜೇಡಿ ಸೇರಿಕೊಂಡಿರುತ್ತದೆ. ದಪ್ಪ ತುಂಡಾದರೆ ತಳದ ಹಳೆಯ ಭಾಗ ಹೆಚ್ಚು ಗಟ್ಟಿ, ಅದರಲ್ಲಿ ಫಾಸ್ಫೇಟಿನ ಬಿಳಿ ಎಳೆಗಳು. ಆ ಗೆರೆಗಳನ್ನು ನೋಡುತ್ತಾ ಕುಳಿತರೆ ನನಗೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುತ್ತಿರಲಿಲ್ಲ.

ವಯಸ್ಸಿಗೆ ಬೆರಿಲಿಯಂ-10 ಅಳೆಯುತ್ತಾರೆ. ಅದು ಕಾಲ ಕಳೆದ ಹಾಗೆ ಕ್ಷಯಿಸುವ ವಿಕಿರಣಶೀಲ ಬೆರಿಲಿಯಂ, ಎಷ್ಟು ಉಳಿದಿದೆ ಅಂತ ನೋಡಿದರೆ ವಯಸ್ಸು ಸಿಗುತ್ತದೆ; ಸುಮಾರು 1 ಕೋಟಿ ವರ್ಷದ ತನಕ ಸಾಕು. ಅದಕ್ಕೂ ಹಳೆಯದಕ್ಕೆ ಆಸ್ಮಿಯಂ ಲೋಹದ ಐಸೊಟೋಪುಗಳು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು). ಮಕ್ಕಳಿಗೆ ಖಂಡಿತ ಇಷ್ಟವಾಗುವ ಸಂಗತಿ ಒಂದಿದೆ: ಪೆಸಿಫಿಕ್‌ನ ಇಂಥದ್ದೇ ಒಂದು ತುಂಡಿನಲ್ಲಿ, 20-30 ಲಕ್ಷ ವರ್ಷ ಹಳೆಯ ಪದರದಲ್ಲಿ, ಮ್ಯೂನಿಕ್ ವಿಜ್ಞಾನಿಗಳಿಗೆ ಕಬ್ಬಿಣ-60 ಎಂಬ ವಿಕಿರಣಶೀಲ ಕಬ್ಬಿಣ ಸಿಕ್ಕಿತು. ಹತ್ತಿರದಲ್ಲೆಲ್ಲೋ ನಕ್ಷತ್ರ ಸಿಡಿದಾಗ ಬಂದ ಧೂಳು ಅದು.

ಸಂಡೂರು ಕಲ್ಲು:
ಬುಗ್ಗೆ ವಿಷಯ ತಿಳಿಯಿತು ಮೇಡಂ. ನಮ್ಮ ಕಡೆ ಗಣಿ ನೋಡಿದವನಾಗಿ ಕೇಳುತ್ತೇನೆ, ಇದನ್ನು ತೆಗೆಯೋದು ಸುಲಭವಾ?

ಕಾರವಾರದ ಕಡಲು:
ಇಲ್ಲ. ತಳದಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಮ್ಯಾಂಗನೀಸ್ ಗಂಟುಗಳನ್ನು ಆರಿಸಬಹುದು. ಇದು ಕಲ್ಲಿಗೆ ಕಚ್ಚಿಕೊಂಡಿರುತ್ತದೆ, ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್ ದಪ್ಪ. ಸ್ವಲ್ಪ ಆಳಕ್ಕೆ ಕೆರೆದರೂ ಬರಿಯ ಕಲ್ಲು ಬಂದು ಅದಿರಿನ ಗುಣ ಇಳಿಯುತ್ತದೆ. ಕೋಬಾಲ್ಟ್ ಇರುವುದೇ ಶೇಕಡಾ ಅರ್ಧದ ಆಸುಪಾಸು. ಜಪಾನ್ 2020ರಲ್ಲಿ ತನ್ನ ಕಡಲಿನ ಬೆಟ್ಟವೊಂದರಲ್ಲಿ ಪರೀಕ್ಷೆಗೆ ಅಂತ ತೆಗೆದದ್ದು 649 ಕಿಲೋ. ನಿಕಿತಿನ್ ಬೆಟ್ಟದ ಜಾಗ ತನ್ನದು ಅಂತ ಶ್ರೀಲಂಕಾ ಕೂಡ ಹೇಳುತ್ತಿದೆ, ಆ ತಕರಾರು ಬೇರೆ. ಹವಳ, ಸ್ಪಂಜುಗಳಿಗೂ ಬೇರೂರಲು ಇದೇ ಬರಿಗಲ್ಲು ಬೇಕು. ಅಲ್ಲಿ ಏನೇನು ಬದುಕಿದೆ ಅಂತ ಪೂರ್ತಿ ನೋಡದೆ ಯಂತ್ರ ಇಳಿಸಬಾರದು ಅಂತಲೇ ನನ್ನ ಅಭಿಪ್ರಾಯ.

ಮೇಷ್ಟ್ರೇ, ಮಕ್ಕಳಿಗೆ ಒಂದು ಲೆಕ್ಕ ಕೊಡಿ: 10 ಲಕ್ಷ ವರ್ಷಕ್ಕೆ 2 ಮಿಲಿಮೀಟರ್ ಆದರೆ 10 ಸೆಂಟಿಮೀಟರ್ ದಪ್ಪಕ್ಕೆ ಎಷ್ಟು ವರ್ಷ? 5 ಕೋಟಿ ಬರಬೇಕು.