ಪಿಯು ಮಕ್ಕಳಿಗೆ ಸಂಜೆ ಟ್ಯೂಷನ್: ಏನೆಲ್ಲ ನೋಡಿಕೊಳ್ಳಬೇಕು?

ಪ್ರಶ್ನೆ: ಹೆಬ್ರಿ ಕಡೆಯಿಂದ ಉಡುಪಿಗೆ ಬರುವ ಇಪ್ಪತ್ತು ಮಕ್ಕಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಪ್ರಥಮ ಪಿಯು ವಿಜ್ಞಾನ. ಪಾಠ, ಮಾರ್ಗದರ್ಶನ ಎರಡೂ ಕೊಡಬೇಕು. ಹೇಗೆ?

ಉತ್ತರ 1: ಒಬ್ಬ ಮೆಂಟರ್‌ಗೆ ಐದೇ ಮಕ್ಕಳು. ಹೆಚ್ಚಿನವರು ಎಡವುವುದು ಲೆಕ್ಕದಲ್ಲಲ್ಲ, ಪದದಲ್ಲಿ. ‘ವೇಗೋತ್ಕರ್ಷ’ ಗೊತ್ತಿರುತ್ತದೆ, ‘ಆಕ್ಸಲರೇಷನ್’ ಕಂಡರೆ ಪೆನ್ನು ನಿಲ್ಲುತ್ತದೆ. ದಿನಕ್ಕೆ ಹತ್ತು ಪದ ಎರಡೂ ಭಾಷೆಯಲ್ಲಿ ಬರೆಸಿ. ಕೊನೆಯ ಬಸ್ಸು ನೋಡಿ ಸಮಯ ಇಡಿ ಮಾರಾಯ್ರೆ!

ಉತ್ತರ 2: ಸಿಇಟಿ (ಇಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಒಂದನ್ನೇ ಹಿಡಿದು ಕೂರಬೇಡಿ. ಇಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯು ಅಂಕದ ಪಾಲೂ 50%. ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ರವರೆಗಿನ ವ್ಯಾಸಂಗ ಪ್ರಮಾಣಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಸಮೇತ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡರಿಂದಲೂ. ಈಗಲೇ ತರಿಸಿ.

ಉತ್ತರ 3: ಪಿಯು ಹಿಡಿಸದವರಿಗೆ ಮಂಗಳೂರು ಕದ್ರಿಯ ಕೆಪಿಟಿ (ಸರ್ಕಾರಿ ಪಾಲಿಟೆಕ್ನಿಕ್) ತೋರಿಸಿ. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ನೇರ ಎರಡನೇ ವರ್ಷದ ಇಂಜಿನಿಯರಿಂಗ್.