ಜಾವಾ ಹಬ್‌ಗೆ ಬಫಿಂಗ್ ಮಾಡಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂದೆಯವರ 1968ರ ಜಾವಾ 250 ಬೈಕ್ ಹತ್ತು ವರ್ಷದಿಂದ ಕೊಟ್ಟಿಗೆಯಲ್ಲೇ ನಿಂತಿತ್ತು. ಈಗ ರೆಡಿ ಮಾಡಿಸುತ್ತಿದ್ದೇನೆ. ಎರಡೂ ಚಕ್ರದ ಹಬ್‌ಗೆ (ಸ್ಪೋಕ್ ಕೂರುವ ನಡುವಿನ ಭಾಗಕ್ಕೆ) ಯಾವತ್ತೋ ಯಾರೋ ಸಿಲ್ವರ್ ಪೇಂಟ್ ಬಳಿದಿದ್ದಾರೆ. ಪೇಂಟ್ ಎದ್ದಿರುವ ಕಡೆ ಬಿಳಿ ಪುಡಿ ಕಾಣುತ್ತದೆ. ಬಫಿಂಗ್ ಹೊಡೆಸಿ ಕನ್ನಡಿ ಥರ ಮಾಡಿಸು ಅಂತ ಒಬ್ಬರು, ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಾಕಿ ಕಾಯಿಸುವುದು) ಮಾಡಿಸು ಅಂತ ಇನ್ನೊಬ್ಬರು. ನನಗೆ ಅಪ್ಪ ಮನೆಗೆ ತಂದ ದಿನ ಹೇಗಿತ್ತೋ ಹಾಗೇ ಬೇಕು.

ಉತ್ತರ: ಎರಡೂ ಬೇಡ ಸರ್. 1961ರಿಂದ ಮೈಸೂರಿನಲ್ಲಿ ತಯಾರಾದ ಗಾಡಿ ಇದು. ಹಬ್ ಎರಕ ಹೊಯ್ದ ಅಲ್ಯೂಮಿನಿಯಂ. ಎರಕಕ್ಕೆ ಅದರದೇ ಮೈ ಇರುತ್ತದೆ, ಸ್ವಲ್ಪ ತರಿ ತರಿ, ಬೂದು ಬಣ್ಣ. ಲೇತ್ (ತಿರುಗಿಸಿ ಕಡೆಯುವ ಯಂತ್ರ) ಟೂಲ್ ಓಡಿದ ಜಾಗದಲ್ಲಿ ಮಾತ್ರ ಗ್ರಾಮಫೋನ್ ಪ್ಲೇಟಿನ ಹಾಗೆ ಸಣ್ಣ ಗೆರೆಗಳು. ನಿಮ್ಮ ಹಬ್ ಹೇಗಿತ್ತು ಅಂತ ಅದೇ ಹೇಳುತ್ತದೆ. ಸ್ಪೋಕ್ ಬಿಚ್ಚಿದ ಮೇಲೆ ಸ್ಪೋಕಿನ ತಲೆ ಕೂತಿದ್ದ ಜಾಗ ನೋಡಿ. ಹೆಸರುಕಾಳಿನಷ್ಟು ಜಾಗ, ಪೇಂಟ್ ತಾಗಿರುವುದಿಲ್ಲ. ಬ್ರೇಕ್ ಪ್ಲೇಟ್ ಮುಚ್ಚಿಕೊಂಡಿದ್ದ ಅಂಚೂ ಹಾಗೇ. ಅದರ ಫೋಟೋ ತೆಗೆದಿಡಿ. ಎಷ್ಟು ಹೊಳಪು ಬೇಕು ಅನ್ನುವುದಕ್ಕೆ ಅದೇ ಅಳತೆ.

ಬಫಿಂಗ್ ಬಗ್ಗೆ ನನ್ನ ನೋವಿನ ಕಥೆ ಇದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಒಳ್ಳೆ ಹಬ್ ಬಫಿಂಗ್‌ಗೆ ಕೊಟ್ಟೆ. ಥಳ ಥಳ ಹೊಳೆಯುತ್ತಾ ಬಂತು. ಆದರೆ ಅಂಚುಗಳೆಲ್ಲ ಸೋಪಿನ ಹಾಗೆ ಸವೆದು ದುಂಡಗಾಗಿದ್ದವು, ಎರಕದ ಗುರುತು ಮಾಯ. ಹೋದ ಲೋಹ ಮತ್ತೆ ಬರುವುದಿಲ್ಲ ಅಲ್ವಾ? ಪೌಡರ್ ಕೋಟಿಂಗ್ ದಪ್ಪ ಕೂರುತ್ತದೆ. ಎರಕದ ತರಿ ಮುಚ್ಚಿಹೋಗುತ್ತದೆ, ಸ್ಪೋಕ್ ತೂತು ಬಿಗಿಯಾಗುತ್ತದೆ.

ಮೊದಲು ಬ್ರೇಕ್ ಧೂಳು ಒದ್ದೆ ಬಟ್ಟೆಯಲ್ಲಿ ಒರೆಸಿ. ಏರ್ ಹೊಡೆಯಬೇಡಿ, ಹಳೇ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಉಸಿರಿಗೆ ಹೋಗಬಾರದು. ಆಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್, ಬ್ರಷ್. ಪೇಂಟಿಗೆ ಥಿನ್ನರ್ ಸಾಕು, ಬಗ್ಗದಿದ್ದರೆ ಅಲ್ಯೂಮಿನಿಯಂಗೆ ಆಗುವಂಥ ಪೇಂಟ್ ರಿಮೂವರ್. ಕಾಸ್ಟಿಕ್ ಸೋಡಾ ಮಾತ್ರ ಮುಟ್ಟಬೇಡಿ, ಅಲ್ಯೂಮಿನಿಯಂ ತಿಂದು ಕಪ್ಪು ಮಾಡುತ್ತದೆ. ಪೇಂಟ್ ಹೋದ ಮೇಲೆ ಸ್ಪೋಕ್ ತೂತುಗಳ ಸುತ್ತ ಕೂದಲೆಳೆ ಬಿರುಕು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಬಿರುಕಿದ್ದರೆ ಆ ಹಬ್ ಓಡಿಸುವುದಕ್ಕಲ್ಲ.

ಕೊನೆಗೆ ವೇಪರ್ ಬ್ಲಾಸ್ಟಿಂಗ್. ನೀರಿನ ಜೊತೆ ಸಣ್ಣ ಗಾಜಿನ ಮಣಿ ಹೊಡೆಯುತ್ತಾರೆ. ನೀರಿರುವುದರಿಂದ ಏಟು ಮೆತ್ತಗೆ, ಎರಕದ ಮೈ ಉಳಿಯುತ್ತದೆ. ಒಣ ಮರಳು ಹೊಡೆಸಿದರೆ ಮೈಯೆಲ್ಲ ಗುಳಿ ಬಿದ್ದು ಗ್ರೀಸು, ಧೂಳು ಅಲ್ಲೇ ಕೂರುತ್ತದೆ. ಬೇರಿಂಗ್ ಕೂರುವ ಜಾಗ, ಬ್ರೇಕ್ ಡ್ರಮ್ಮಿನ ಒಳಗಿನ ಕಬ್ಬಿಣದ ಲೈನರ್ (ಬ್ರೇಕ್ ಉಜ್ಜುವ ಬಳೆ) ಎರಡನ್ನೂ ಮೊದಲೇ ಮುಚ್ಚಿಸಿ. ಆದರೂ ಲೈನರ್‌ಗೆ ನೀರು ತಾಗುತ್ತದೆ, ಕೂಡಲೇ ಒಣಗಿಸದಿದ್ದರೆ ತುಕ್ಕು ಗ್ಯಾರಂಟಿ.

ಪ್ರಶ್ನೆ (ಇನ್ನೊಬ್ಬರು): ಅಣ್ಣಾ, ನಮ್ಮೂರಲ್ಲಿ ವೇಪರ್ ಬ್ಲಾಸ್ಟಿಂಗ್ ಇಲ್ಲ. ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಉತ್ತರ: ಕಪ್ಪು ಕಲೆಗೆ ಪರವಾಗಿಲ್ಲಪ್ಪ. ಕುಕ್ಕರ್ ಒಳಗೆ ಕಪ್ಪಾದರೆ ಮನೆಯಲ್ಲಿ ನಿಂಬೆ ಸಿಪ್ಪೆ ಹಾಕಿ ಕುದಿಸುತ್ತಾರಲ್ಲ, ಅದೇ ಲೋಹ, ಅದೇ ಕೆಲಸ. ಆದರೆ ಹುಳಿ ಒಳಗೆ ಉಳಿಯಬಾರದು. ಜಾಸ್ತಿ ನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸು. ಬಿಳಿ ಪುಡಿ ಕಟ್ಟಿರುವ ಕಡೆ ಹಿತ್ತಾಳೆ ಬ್ರಷ್, ಆಮೇಲೆ ಸೀಮೆಎಣ್ಣೆ ಅದ್ದಿದ ನೈಲಾನ್ ಸ್ಕ್ರಬ್ಬರ್. ಲೇತ್ ಗೆರೆ ಇರುವ ಕಡೆ ಗೆರೆಯ ದಿಕ್ಕಿನಲ್ಲೇ ಉಜ್ಜಬೇಕು. ಎರಡು ಸಂಜೆ ಹಿಡಿಯುತ್ತದೆ, ಆದರೆ ಚೆನ್ನಾಗಿ ಬರುತ್ತದೆ.

ಪ್ರಶ್ನೆ (ಮೊದಲಿನವರು): ತುಂಬಾ ಥ್ಯಾಂಕ್ಸ್ ಸರ್. ಮೇಲೆ ಲ್ಯಾಕರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆಸಲಾ?

ಉತ್ತರ: ಬೇಡ. ಒಂದು ಕಲ್ಲು ಸಿಡಿದರೂ ಲ್ಯಾಕರ್ ಅಡಿಗೆ ನೀರು ಹೋಗಿ ಮತ್ತೆ ಬಿಳಿ ಪುಡಿ ಏಳುತ್ತದೆ, ಆಗ ಎಲ್ಲಾ ಕೀಳಬೇಕು. ತೆಳುವಾಗಿ ವ್ಯಾಕ್ಸ್ ಹಚ್ಚಿ ಸಾಕು, ಡ್ರಮ್ ಒಳಗೆ ಮಾತ್ರ ತಾಗಬಾರದು. ಇನ್ನೊಂದು, ಡ್ರಮ್ ಲೇತ್‌ಗೆ ಹಾಕಿಸುವುದಿದ್ದರೆ ಸ್ಪೋಕ್ ಕಟ್ಟಿ ಬಿಗಿ ಮಾಡಿದ ಮೇಲೆ ಹಾಕಿಸಿ. ಸ್ಪೋಕ್ ಎಳೆತಕ್ಕೆ ಡ್ರಮ್ ಸ್ವಲ್ಪ ಸೊಟ್ಟಗಾಗುತ್ತದೆ. ಮೊದಲೇ ಹಾಕಿಸಿದರೆ ಬ್ರೇಕ್ ಹಿಡಿದಾಗ ಜರ್ಕ್ ಹೊಡೆಯುತ್ತದೆ.