ಎರರ್ ಮೆಸೇಜ್ ಹೋಗಿ ಕಥೆ ಪುಸ್ತಕದಲ್ಲಿ ಅಚ್ಚಾಗಿದೆ! ಕಮಾಂಡ್ ಲೈನ್ ಟೂಲ್‌ನ ತಪ್ಪುಗಳನ್ನು ಎಲ್ಲಿಗೆ ಕಳಿಸಬೇಕು?

ಬೆಣ್ಣೆದೋಸೆ_31:

ನಮಸ್ಕಾರ ಎಲ್ಲರಿಗೂ. ಯಾರೂ ನಗಬಾರದು ಅನ್ನೋ ಷರತ್ತಿನ ಮೇಲೆ ಹೇಳುತ್ತೇನೆ.

ನಮ್ಮ ಸೋದರಮಾವ ಸುಮಾರು ಇಪ್ಪತ್ತು ವರ್ಷದ ಹಿಂದೆ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಥೆಗಳಿವೆ, 31 ಫೈಲು. ಯೂನಿಕೋಡ್ ಅಲ್ಲ, ಹಳೆಯ ಫಾಂಟ್ ಎನ್‌ಕೋಡಿಂಗ್. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತೆ, ಗೊತ್ತಲ್ಲ. ಅದನ್ನು ಯೂನಿಕೋಡ್‌ಗೆ ತರೋಕೆ ಪೈಥಾನ್‌ನಲ್ಲಿ ಒಂದು ಚಿಕ್ಕ ಟೂಲ್ ಬರೆದೆ. ಕಷ್ಟ ಅಂದರೆ ಅರ್ಕಾವತ್ತು. ಹಳೆಯ ಫೈಲಲ್ಲಿ ಅದು ಅಕ್ಷರ ಆದ ಮೇಲೆ ಕೂತಿರುತ್ತೆ, ಯೂನಿಕೋಡ್‌ನಲ್ಲಿ ರ ಮತ್ತು ಹಲಂತ ಮೊದಲೇ ಬರಬೇಕು. ಅದನ್ನೆಲ್ಲ ಎರಡು ವಾರ ಗುದ್ದಾಡಿ ಸರಿ ಮಾಡಿದೆ.

ಆಮೇಲೆ ಓಡಿಸಿದ್ದು ಹೀಗೆ (ಟೂಲ್ ಹೆಸರೂ ಫೈಲ್ ಹೆಸರೂ ಕನ್ನಡದಲ್ಲೇ ಇಟ್ಟಿದ್ದೇನೆ, ಲಿನಕ್ಸ್‌ನಲ್ಲಿ ನಡೆಯುತ್ತೆ):

ನುಡಿಬದಲು ಕಥೆ-* > ಪುಸ್ತಕ

ಮಾವನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅಂತ ಐವತ್ತು ಪ್ರತಿ ಪ್ರಿಂಟ್ ಹಾಕಿಸಿದೆ. ಪ್ರೂಫ್ ನೋಡಿದ್ದೂ ನಾನೇ. ಈಗ ಒಂದು ಕಥೆಯಲ್ಲಿ, ಒಬ್ಬ ರಾತ್ರಿ ಗದ್ದೆ ಬದುವಿನ ಮೇಲೆ ನಡೆದುಕೊಂಡು ಹೋಗುತ್ತಿರುತ್ತಾನೆ, ಅಲ್ಲಿ ನಡುವೆ ಈ ಸಾಲು ಬಂದು ಕೂತಿದೆ: "ಗುರುತು ಸಿಗಲಿಲ್ಲ, ಬಿಟ್ಟು ಮುಂದೆ ಹೋಗುತ್ತಿದ್ದೇನೆ."

ಅದು ಮಾವ ಬರೆದಿದ್ದಲ್ಲ. ನನ್ನ ಟೂಲ್‌ನ ಎರರ್ ಮೆಸೇಜ್! ಪರಿಚಯ ಇಲ್ಲದ ಅಕ್ಷರ ಸಿಕ್ಕರೆ ಪ್ರಿಂಟ್ ಮಾಡು ಅಂತ ಬರೆದಿದ್ದೆ. ಇಂಗ್ಲಿಷಲ್ಲಿ ಬರೆದಿದ್ದರೆ ಪ್ರೂಫಲ್ಲಿ ಸಿಕ್ಕಿಬೀಳುತ್ತಿತ್ತು, ಕನ್ನಡ ಪ್ರೀತಿ ಜಾಸ್ತಿಯಾಗಿ ಹೀಗಾಯಿತು.

ಈಗ ಪ್ರಶ್ನೆ. ಇದನ್ನು ಬೇರೆ ಕಡೆ ಕಳಿಸೋದು ಹೇಗೆ? "7ನೇ ಫೈಲ್ ಮುಗಿಯಿತು" ಅಂತ ನಡುನಡುವೆ ಹೇಳಿಸೋಣ ಅಂತಿದ್ದೇನೆ, ಅದು ಎರರ್ ಅಲ್ಲ, ಅದು ಎಲ್ಲಿಗೆ ಹೋಗಬೇಕು? ಆಫೀಸಿನ ಗೆಳೆಯ ಒಬ್ಬ, ಸುಮ್ನೆ ಗ್ರೆಪ್ (ಸಾಲು ಹುಡುಕೋ ಕಮಾಂಡ್) ಹಾಕಿ ಆ ಸಾಲುಗಳನ್ನು ತೆಗೆದುಬಿಡು ಅಂದ. ಸಾಕಾ?

----

ಪೈಪ್_ಪುಟ್ಟ:

ಷರತ್ತು ಮುರಿದಿದ್ದೇನೆ, ಕ್ಷಮಿಸಿ, ಚೆನ್ನಾಗಿ ನಕ್ಕೆ.

ಗ್ರೆಪ್ ಬೇಡ. ನಿಮ್ಮ ಮಾವ ನಿಜವಾಗಿಯೂ ಅದೇ ಮಾತು ಬರೆದಿದ್ದರೆ ಅದೂ ಹೋಗುತ್ತೆ.

ಪ್ರತಿ ಪ್ರೋಗ್ರಾಮ್‌ಗೂ ಶುರುವಿನಲ್ಲೇ ಮೂರು ದಾರಿ ತೆರೆದಿರುತ್ತವೆ. 0 ಒಳಗೆ ಬರೋದು, 1 ಸ್ಟ್ಯಾಂಡರ್ಡ್ ಔಟ್‌ಪುಟ್, 2 ಸ್ಟ್ಯಾಂಡರ್ಡ್ ಎರರ್. ನೀವು > ಹಾಕಿದಾಗ ಫೈಲ್‌ಗೆ ತಿರುಗೋದು 1 ಮಾತ್ರ. 2 ಹಾಗೇ ಟರ್ಮಿನಲ್‌ಗೇ ಬರುತ್ತೆ. ಪೈಥಾನ್‌ನಲ್ಲಿ ಪ್ರಿಂಟ್‌ಗೆ ಫೈಲ್ ಅನ್ನೋ ಆರ್ಗ್ಯುಮೆಂಟ್ ಇದೆ, ಅದಕ್ಕೆ ಸಿಸ್ ಮಾಡ್ಯೂಲ್‌ನ ಸ್ಟ್ಯಾಂಡರ್ಡ್ ಎರರ್ ಕೊಡಿ, ಮುಗೀತು. ಮುಂದುವರಿಯೋಕೇ ಆಗದ ತಪ್ಪಾದರೆ ಸಿಸ್ ಎಕ್ಸಿಟ್‌ಗೆ ನೇರವಾಗಿ ಮೆಸೇಜನ್ನೇ ಕೊಡಬಹುದು. ಅದು ಮೆಸೇಜನ್ನು 2ಕ್ಕೆ ಬರೆದು, 1 ಅನ್ನೋ ಎಕ್ಸಿಟ್ ಕೋಡ್ (ಮುಗಿಯುವಾಗ ಹಿಂದಿರುಗಿಸೋ ಸಂಖ್ಯೆ, 0 ಅಂದರೆ ಎಲ್ಲ ಸರಿ) ಜೊತೆ ಹೊರಗೆ ಬರುತ್ತೆ. ಶೆಲ್ ಸ್ಕ್ರಿಪ್ಟ್ ಆದರೆ ಎಕೋ ಸಾಲಿನ ಕೊನೆಗೆ >&2 ಹಾಕಿದರೆ ಸಾಕು.

----

ಹಳೇ_ಟರ್ಮಿನಲ್:

ಬೆಣ್ಣೆದೋಸೆಯವರೇ, ನಾಚಿಕೆ ಪಡಬೇಡಿ. ನಿಮಗಾಗಿದ್ದೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲೂ ಆಗಿತ್ತು. ಸ್ಟ್ಯಾಂಡರ್ಡ್ ಎರರ್ ಹುಟ್ಟಿದ್ದೇ ಆ ಕಾರಣಕ್ಕೆ.

1970ರ ದಶಕದ ಮಾತು. ಲಿನಕ್ಸ್‌ಗೂ ಮಾದರಿಯಾದ ಯುನಿಕ್ಸ್ ಅಲ್ಲಿ ಬೆಳೆಯುತ್ತಿದ್ದ ಕಾಲ. ಅಲ್ಲಿ ಒಂದು ಫೋಟೋಟೈಪ್‌ಸೆಟ್ಟರ್ ಇತ್ತು, ಜೋ ಒಸ್ಸಾನಾ ಬರೆದ ಟ್ರಾಫ್ ಅನ್ನೋ ಪ್ರೋಗ್ರಾಮ್ ಅದಕ್ಕೆ ಪುಟ ಜೋಡಿಸಿ ಕಳಿಸುತ್ತಿತ್ತು. ಈಗಿನ ಹಾಗೆ ಬಟನ್ ಒತ್ತಿದರೆ ಕಾಗದ ಬರೋ ಪ್ರಿಂಟರ್ ಅಲ್ಲ ಅದು. ಉದ್ದನೆಯ ಫೋಟೋ ಕಾಗದವನ್ನು ವಾಸನೆ ಹೊಡೆಯೋ ಇನ್ನೊಂದು ಯಂತ್ರಕ್ಕೆ ಹುಷಾರಾಗಿ ತೂರಿಸಿ, ಡೆವಲಪ್ ಆಗೋ ತನಕ ಕಾದು ನಿಲ್ಲಬೇಕು. ಅಷ್ಟೆಲ್ಲ ಕಾದ ಮೇಲೆ ಕೈಗೆ ಬಂದದ್ದು ಏನು? ಫೈಲ್ ತೆರೆಯಲು ಆಗಲಿಲ್ಲ ಅನ್ನೋ ಒಂದೇ ಸಾಲು, ಅದೂ ಮುದ್ದಾದ ಅಚ್ಚಿನಲ್ಲಿ. ಒಂದೇ ಮಧ್ಯಾಹ್ನ ಹಲವರಿಗೆ ಹೀಗಾಯಿತಂತೆ. ಗೊಣಗಾಟ ಕೇಳಬೇಕಾದವರ ಕಿವಿಗೇ ಬಿತ್ತು, ಒಂದೆರಡು ದಿನದಲ್ಲಿ ಎರರ್‌ಗೆ ಬೇರೆ ದಾರಿ ಸಿದ್ಧವಾಯಿತು. ಇದನ್ನು ನೆನೆಸಿಕೊಂಡು ಹೇಳಿದವರು "ಯಾಕ್" ಅನ್ನೋ ಪ್ರೋಗ್ರಾಮ್ ಬರೆದ ಸ್ಟೀಫನ್ ಜಾನ್ಸನ್, ಅವರೂ ಅಲ್ಲೇ ಇದ್ದವರು.

ಪೈಪ್ ಬಂದದ್ದು 1973ರಲ್ಲಿ. ಒಂದು ಪ್ರೋಗ್ರಾಮ್ ಉಗುಳಿದ್ದನ್ನು ಇನ್ನೊಂದು ನುಂಗುತ್ತೆ ಅಂತಾದ ಮೇಲೆ ನಡುವೆ ಬೈಗುಳವೂ ಸೇರಿದರೆ ಏನು ಗತಿ, ನೀವೇ ಯೋಚಿಸಿ. ಸಾರ್ಟ್‌ಗೆ ಹೋದರೆ ಎರರ್ ಮೆಸೇಜ್ ಕೂಡ ಅಕಾರಾದಿಯಲ್ಲಿ ತನ್ನ ಜಾಗ ನೋಡಿಕೊಂಡು ಕೂತಿರುತ್ತೆ.

----

ಲಾಗ್_ರಾಯ:

ಇತಿಹಾಸ ಚೆನ್ನಾಗಿದೆ. ಆದರೆ ಈ ಶಾಸ್ತ್ರವನ್ನು ಈಗ ಯಾರು ಪಾಲಿಸುತ್ತಾರೆ ಹೇಳಿ? ಕರ್ಲ್ ನೋಡಿ, ಡೌನ್‌ಲೋಡ್ ಎಷ್ಟಾಯಿತು ಅಂತ ತೋರಿಸೋದನ್ನು ಎರರ್ ಕಡೆ ಬರೆಯುತ್ತೆ. ಅದರಲ್ಲಿ ಎರರ್ ಏನಿದೆ? ಡಿಡಿ ಕಮಾಂಡ್ ಎಷ್ಟು ಬೈಟ್ ಕಾಪಿ ಆಯಿತು ಅನ್ನೋದನ್ನೂ ಅಲ್ಲಿಗೇ ಬರೆಯುತ್ತೆ. ನಾನಂತೂ ಎಲ್ಲದಕ್ಕೂ, ಎರಡು ದಾರಿಯನ್ನೂ ಒಂದು ಮಾಡೋ 2>&1 ಹಾಕಿ ಒಂದೇ ಲಾಗ್ ಫೈಲ್‌ಗೆ ತುಂಬಿಸುತ್ತೇನೆ. ತಲೆನೋವಿಲ್ಲ.

----

ಹಳೇ_ಟರ್ಮಿನಲ್:

ರಾಯರೇ, ಕರ್ಲ್ ಮಾಡೋದು ಸರಿಯಾಗೇ ಇದೆ. ಹೆಸರು ದಾರಿ ತಪ್ಪಿಸುತ್ತೆ ಅಷ್ಟೇ. 2ಕ್ಕೆ ಎರರ್ ಅಂತ ಹೆಸರಿಟ್ಟಿದ್ದಾರೆ, ಆದರೆ ಅಲ್ಲಿಗೆ ಹೋಗಬೇಕಾದ್ದು ಎರರ್ ಮಾತ್ರ ಅಲ್ಲ. ಬಳಸುವವರು ಕೇಳಿದ ಉತ್ತರ 1ಕ್ಕೆ. ಟೂಲ್ ತಾನಾಗಿ ಹೇಳೋ ಮಾತೆಲ್ಲ 2ಕ್ಕೆ. ಕರ್ಲ್‌ಗೆ ನಾನು ಪುಟ ಕೇಳಿದೆ, ಪುಟ 1ರಲ್ಲಿ ಬರುತ್ತೆ. ಶೇಕಡ ಎಷ್ಟಾಯಿತು ಅಂತ ನಾನು ಕೇಳಿರಲಿಲ್ಲ. ಅದನ್ನು 1ಕ್ಕೆ ಬರೆದರೆ ಇಳಿಸಿಕೊಂಡ ಫೈಲೇ ಕೆಡುತ್ತೆ.

ಉಲ್ಟಾ ಉದಾಹರಣೆ ಡಿಫ್. ಎರಡು ಫೈಲ್ ಬೇರೆ ಬೇರೆ ಇವೆ ಅನ್ನೋದು ಕೆಟ್ಟ ಸುದ್ದಿ ಇರಬಹುದು, ಆದರೆ ನಾನು ಕೇಳಿದ್ದೇ ಅದು. ಹಾಗಾಗಿ 1ಕ್ಕೆ. ಗ್ರೆಪ್ ಇನ್ನೂ ಜಾಣ. ಏನೂ ಸಿಗಲಿಲ್ಲ ಅಂದರೆ ಎಲ್ಲೂ ಏನೂ ಬರೆಯೋದಿಲ್ಲ, ಎಕ್ಸಿಟ್ ಕೋಡ್ 1 ಕೊಟ್ಟು ಸುಮ್ಮನಾಗುತ್ತೆ. ಫೈಲೇ ಇಲ್ಲ ಅಂದರೆ ಮಾತ್ರ 2ಕ್ಕೆ ಬರೆದು, ಕೋಡ್ ಕೂಡ 2 ಕೊಡುತ್ತೆ.

ಹೆಲ್ಪ್ ವಿಷಯದಲ್ಲೂ ಇದೇ. ನಾನೇ --ಹೆಲ್ಪ್ ಅಂತ ಕೇಳಿದರೆ ಅದು ಉತ್ತರ, 1ಕ್ಕೆ ಬರಲಿ, ಕೋಡ್ 0. ತಪ್ಪು ಆಪ್ಷನ್ ಕೊಟ್ಟು ಅದು ನನ್ನನ್ನು ತಿದ್ದುತ್ತಿದ್ದರೆ 2ಕ್ಕೆ. ಆಪ್ಷನ್‌ಗಳನ್ನು ಓದೋ ಪೈಥಾನ್‌ನ ಆರ್ಗ್‌ಪಾರ್ಸ್ ಮಾಡ್ಯೂಲ್ ಇದನ್ನು ತಾನೇ ನೋಡಿಕೊಳ್ಳುತ್ತೆ. ಜಾವಾದವರು ಇಲ್ಲಿ ಎಡವಿದ್ದರು. ಒಂದೇ ಅಡ್ಡಗೆರೆಯ -ವರ್ಷನ್ ಇಂದಿಗೂ 2ಕ್ಕೇ ಬರೆಯುತ್ತೆ, ಅದನ್ನು ಸ್ಕ್ರಿಪ್ಟಿನಲ್ಲಿ ಹಿಡಿಯಲು ಹೋಗಿ ಖಾಲಿ ಕೈಯಲ್ಲಿ ಬಂದವರು ಎಷ್ಟು ಜನವೋ. ಜಾವಾ 9ರಲ್ಲಿ ಎರಡು ಅಡ್ಡಗೆರೆಯ --ವರ್ಷನ್ ಸೇರಿಸಿದರು, ಅದು 1ಕ್ಕೆ ಬರೆಯುತ್ತೆ. ಪೈಥಾನ್ ಕೂಡ ಹಾಗೇ ಇತ್ತು, 3.4ರಲ್ಲಿ ಸರಿ ಮಾಡಿಕೊಂಡರು.

ಬೆಣ್ಣೆದೋಸೆಯವರ "7ನೇ ಫೈಲ್ ಮುಗಿಯಿತು" ಕೂಡ 2ಕ್ಕೇ. ಬೇಡದವರಿಗೆ ಬಾಯಿ ಮುಚ್ಚಿಸೋ ಒಂದು ಆಪ್ಷನ್ ಕೊಡಿ, ಆದರೆ ಆ ಆಪ್ಷನ್ ಎರರ್‌ಗಳನ್ನೂ ನುಂಗಬಾರದು.

----

ಲಾಗ್_ರಾಯ:

ಒಪ್ಪಿದೆ, ಹೆಸರಿನ ಮಾತು ಸರಿ. ಆದರೂ ಸರ್ವರಿನಲ್ಲಿ ಓಡೋ ಕೆಲಸಕ್ಕೆ ಒಂದೇ ಫೈಲ್ ಅನುಕೂಲ, ಅದನ್ನು ಬಿಡೋದಿಲ್ಲ.

----

ಕ್ರಾನ್_ಕಾಕಾ:

ಒಂದೇ ಫೈಲ್ ಬೇಕಾದರೆ ಬಳಸುವವರು ಸೇರಿಸಿಕೊಳ್ಳಲಿ, ಟೂಲ್ ಬರೆಯುವವರು ಸೇರಿಸಬಾರದು. ಬೇರೆ ಬೇರೆ ಬಂದದ್ದನ್ನು ಒಂದು ಮಾಡೋದು ಸುಲಭ. ಕಲಸಿದ ಮೇಲೆ ಬೇರೆ ಮಾಡೋದು ಅನ್ನ ಸಾರು ಕಲಸಿ ಆಮೇಲೆ ಅನ್ನ ಮಾತ್ರ ಕೊಡಿ ಅಂದಂತೆ.

ಇನ್ನು 2>&1 ಎಲ್ಲಿ ಬರೆಯಬೇಕು ಅನ್ನೋದರಲ್ಲಿ ಎಲ್ಲರೂ ಒಮ್ಮೆಯಾದರೂ ಬಿದ್ದಿರುತ್ತಾರೆ. ಇದು ಸರಿ:

ನುಡಿಬದಲು ಕಥೆ-* > ಪುಸ್ತಕ 2>&1

ಇದು ಅಲ್ಲ:

ನುಡಿಬದಲು ಕಥೆ-* 2>&1 > ಪುಸ್ತಕ

ನಾವು ಟೈಪ್ ಮಾಡಿದ ಕಮಾಂಡನ್ನು ಶೆಲ್ ಎಡದಿಂದ ಬಲಕ್ಕೆ ಓದುತ್ತೆ. 2>&1 ಅಂದರೆ "1 ಈಗ ಎಲ್ಲಿಗೆ ಹೋಗುತ್ತಿದೆಯೋ 2 ಕೂಡ ಅಲ್ಲಿಗೆ" ಅಂತ, ಅಷ್ಟೇ. 1ರ ಬೆನ್ನು ಹತ್ತಿಕೊಂಡೇ ಇರು ಅಂತ ಅಲ್ಲ. ಎರಡನೆಯದರಲ್ಲಿ ಆ ಹೊತ್ತಿಗೆ 1 ಇನ್ನೂ ಟರ್ಮಿನಲ್‌ಗೆ ಹೋಗುತ್ತಿತ್ತು, ಹಾಗಾಗಿ 2 ಅಲ್ಲೇ ಉಳಿಯಿತು, ಆಮೇಲೆ 1 ಮಾತ್ರ ಫೈಲ್‌ಗೆ ತಿರುಗಿತು. ಬೆಣ್ಣೆದೋಸೆಯವರಿಗೆ ಬೇಕಿರೋದು ಇವೆರಡೂ ಅಲ್ಲ, > ಪುಸ್ತಕ 2> ತಪ್ಪುಗಳು ಅಂತ ಎರಡು ಬೇರೆ ಫೈಲು.

ನನ್ನ ಕಥೆಯೂ ಒಂದಿದೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ರಾತ್ರಿ ಬ್ಯಾಕಪ್ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಪ್ರೋಗ್ರಾಮ್) ಓಡುತ್ತಿತ್ತು. ಓಡಿಸಿದ ಕೆಲಸ ಏನು ಬರೆದರೂ ಕ್ರಾನ್ ಮೇಲ್ ಕಳಿಸುತ್ತೆ, 1 ಆದರೂ ಸರಿ 2 ಆದರೂ ಸರಿ. ದಿನಾ ಮೇಲ್ ನೋಡಿ ಬೇಜಾರಾಗಿ ಯಾರೋ ಪುಣ್ಯಾತ್ಮರು ಎಲ್ಲವನ್ನೂ ಕಸಕ್ಕೆ ಎಸೆಯೋ ಹಾಗೆ ಕೊನೆಗೆ > /ಡೆವ್/ನಲ್ 2>&1 ಹಾಕಿದ್ದರು. ಡಿಸ್ಕ್ ತುಂಬಿ ನಾಲ್ಕು ತಿಂಗಳು ಬ್ಯಾಕಪ್ಪೇ ಆಗಿರಲಿಲ್ಲ. ಬೇಕಾದ ದಿನ ತೆಗೆದು ನೋಡಿದರೆ ಸೊನ್ನೆ ಬೈಟ್ ಫೈಲ್‌ಗಳ ಸಾಲು. ಕೊನೆಯ ನಾಲ್ಕು ಅಕ್ಷರ ಬಿಟ್ಟು ಬರೀ > /ಡೆವ್/ನಲ್ ಇಟ್ಟಿದ್ದರೆ, ಎರರ್ ಬಂದ ರಾತ್ರಿ ಮಾತ್ರ ಮೇಲ್ ಬರುತ್ತಿತ್ತು.

----

ಬೆಣ್ಣೆದೋಸೆ_31:

ಎಲ್ಲರಿಗೂ ಥ್ಯಾಂಕ್ಸ್. ಬದಲಾಯಿಸಿದೆ. ಎರಡು ಅನುಮಾನ. ಟರ್ಮಿನಲ್‌ನಲ್ಲಿ ನೋಡಿದರೆ ಮೊದಲಿನ ಹಾಗೇ ಎಲ್ಲ ಕಲಸಿಕೊಂಡೇ ಬರುತ್ತೆ, ಸರಿ ಆಗಿದೆ ಅಂತ ಗೊತ್ತಾಗೋದು ಹೇಗೆ? ಇನ್ನೊಂದು, 2>&1 | ಲೆಸ್ ಅಂತ ಹಾಕಿ ಪುಟ ಪುಟವಾಗಿ ನೋಡಿದರೆ ಎರರ್‌ಗಳು ಮೊದಲೇ ಬಂದು ಅವು ಸೇರಿದ ಸಾಲು ಆಮೇಲೆ ಬರುತ್ತೆ. ಯಾವ ಎರರ್ ಎಲ್ಲಿಯದು ಅಂತ ತಿಳಿಯೋದೇ ಇಲ್ಲ.

----

ಪೈಪ್_ಪುಟ್ಟ:

ಪರೀಕ್ಷೆ ಸುಲಭ. ಒಮ್ಮೆ > /ಡೆವ್/ನಲ್ ಹಾಕಿ ಓಡಿಸಿ, ಪರದೆಯ ಮೇಲೆ ಕಥೆಯ ಒಂದು ಸಾಲೂ ಕಾಣಬಾರದು. ಇನ್ನೊಮ್ಮೆ 2> /ಡೆವ್/ನಲ್ ಹಾಕಿ, ಬರೀ ಕಥೆ ಕಾಣಬೇಕು.

ಹಿಂದೆ ಮುಂದೆ ಆಗೋದು ಬಫರ್‌ನಿಂದ. 1 ಟರ್ಮಿನಲ್‌ಗೆ ಹೋಗುತ್ತಿದ್ದರೆ ಪೈಥಾನ್ ಸಾಲು ಮುಗಿದ ತಕ್ಷಣ ಬಿಡುತ್ತೆ. ಪೈಪ್‌ಗೋ ಫೈಲ್‌ಗೋ ಹೋಗುತ್ತಿದ್ದರೆ ಒಂದು ಮೂಟೆ ತುಂಬೋ ತನಕ ಕೂಡಿಟ್ಟು ಒಟ್ಟಿಗೆ ಕಳಿಸುತ್ತೆ. 2 ಹಾಗಲ್ಲ. ಪೈಥಾನ್ 3.9ರಿಂದ ಅದು ಎಲ್ಲಿಗೆ ಹೋದರೂ ಸಾಲು ಸಾಲಾಗೇ ಹೋಗುತ್ತೆ. ಸಿ ಭಾಷೆಯಲ್ಲಂತೂ ಕೂಡಿಡೋದೇ ಇಲ್ಲ, ಪ್ರೋಗ್ರಾಮ್ ಸತ್ತರೂ ಕೊನೆಯ ಮಾತು ಹೊರಗೆ ಬಂದಿರಬೇಕಲ್ಲ. ಹಾಗಾಗಿ ಎರರ್ ಮೊದಲು ಮುಟ್ಟಿತು, ಕಥೆ ಇನ್ನೂ ಮೂಟೆಯಲ್ಲೇ ಇತ್ತು.

ಪೈಥಾನ್‌ಗೆ -ಯು ಆಪ್ಷನ್ ಕೊಟ್ಟು ಇದನ್ನು ತಪ್ಪಿಸಬಹುದು. ಆದರೆ ಅದಕ್ಕಿಂತ ಮೆಸೇಜನ್ನೇ ಸರಿ ಮಾಡಿ. ಎಲ್ಲಿ ಕಂಡರೂ ತನ್ನ ಊರು ಕೇರಿ ತಾನೇ ಹೇಳಬೇಕು: "ನುಡಿಬದಲು: ಕಥೆ-07: 212: ಗುರುತು ಸಿಗದ ಅಕ್ಷರ". ಟೂಲ್ ಹೆಸರು, ಫೈಲ್, ಸಾಲು, ಆಮೇಲೆ ವಿಷಯ. ಇದು ಮೊದಲೇ ಇದ್ದಿದ್ದರೆ ಪ್ರೂಫಲ್ಲೇ ಸಿಗುತ್ತಿತ್ತು ನಿಮಗೆ. ಒಂದು ಅಕ್ಷರ ಬಿಟ್ಟರೂ ಕೊನೆಗೆ 0 ಅಲ್ಲದ ಎಕ್ಸಿಟ್ ಕೋಡ್ ಕೊಡಿ, ಬರೀ ಮೆಸೇಜನ್ನು ನಂಬಿದರೆ ಸ್ಕ್ರಿಪ್ಟ್‌ಗೆ ಏನೂ ತಿಳಿಯೋದಿಲ್ಲ.

ಕನ್ನಡದಲ್ಲಿ ಮೆಸೇಜ್ ಬರೆಯೋರಿಗೆ ಇನ್ನೊಂದು ಮಾತು. ಟರ್ಮಿನಲ್ ಎನ್‌ಕೋಡಿಂಗ್ ಕನ್ನಡ ಒಪ್ಪದೇ ಹೋದರೆ ಪೈಥಾನ್‌ನ 1 ಸಾಮಾನ್ಯವಾಗಿ ಎರರ್ ಎಸೆದು ನಿಂತುಬಿಡುತ್ತೆ. 2 ಮಾತ್ರ ನಿಲ್ಲೋದಿಲ್ಲ, ಅಕ್ಷರದ ಬದಲು ಅದರ ಕೋಡ್ ಸಂಖ್ಯೆ ಬರೆದು ಮುಂದೆ ಹೋಗುತ್ತೆ. ಓದೋಕೆ ಚೆನ್ನಾಗಿರೋದಿಲ್ಲ, ಆದರೆ ಏನೋ ಆಯಿತು ಅಂತ ಗೊತ್ತಾಗುತ್ತೆ.

----

ಬೆಣ್ಣೆದೋಸೆ_31:

ಆಯಿತು, ಎಲ್ಲ ಮಾಡಿ, ಬಾಯಿ ಮುಚ್ಚಿಸೋ ಆಪ್ಷನ್ ಹಾಕಿ ಮತ್ತೆ ಓಡಿಸಿದೆ. ತಪ್ಪುಗಳು ಫೈಲಲ್ಲಿ ಒಟ್ಟು ಐದು ಸಾಲು, ಮೂರು ಕಥೆಗಳಿಂದ. ಐದೂ ಒಂದೇ ಥರ: ಎಲ್ಲಿಂದಲೋ ಪೇಸ್ಟ್ ಮಾಡುವಾಗ ಬಂದ ಬಾಗಿದ ಉದ್ಧರಣ ಚಿಹ್ನೆ. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ, ಸೇರಿಸಿದೆ. ಅಂದರೆ ಮೊದಲ ಮುದ್ರಣದಲ್ಲಿ ಇನ್ನೂ ನಾಲ್ಕು ಕಡೆ ನನ್ನ ಸಾಹಿತ್ಯ ಇದೆ.

ಧೈರ್ಯ ಮಾಡಿ ಮಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಪುಸ್ತಕ ತೆಗೆದು ಐದೂ ಜಾಗ ಓದಿದರು. "ನಾಲ್ಕು ತೆಗಿ ಮಾರಾಯ, ಗದ್ದೆ ಬದುವಿನದು ಇರಲಿ, ಅವನು ಅಲ್ಲಿ ಹಾಗೇ ಅಂದುಕೊಳ್ಳುತ್ತಾನೆ" ಅಂದರು.

----

ಹಳೇ_ಟರ್ಮಿನಲ್:

ಹಾಗಾದರೆ ಆ ಒಂದು ಸಾಲು 1ಕ್ಕೇ ಹೋಗಬೇಕು.